ಬಿರುಗಾಳಿಗೆ ಸಿಕ್ಕ ಪುಟ್ಟ ಹಾಯಿದೋಣಿ

1964ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಡೈ ಒಬ್ಬ ಸಂಗಡಿಗನೊಡನೆ ಸ್ಕಾಟ್ಲೆಂಡಿನಿಂದ ನಾರ್ವೆಗೆ ಹೊರಟ ಹಾಯಿದೋಣಿಯ ಉದ್ದ ಐದು ಮೀಟರಿಗೂ ಕಡಿಮೆ. ಮೇಲೆ ಛಾವಣಿಯಿಲ್ಲ. ಕಾರಿನ ಹಿಂದಿನ ಟ್ರೇಲರ್‌ನಲ್ಲಿ ಎಳೆದೊಯ್ಯಬಹುದಾದ, ಇಯಾನ್ ಪ್ರಾಕ್ಟರ್ 1957ರಲ್ಲಿ ವಿನ್ಯಾಸಗೊಳಿಸಿದ ‘ವೇಫೇರರ್’ ಮಾದರಿಯ ದೋಣಿ ಅದು. ನಡುಗಡಲಿನಲ್ಲಿ ಗಂಟೆಗೆ 75 ಕಿ.ಮೀ. ಮೀರಿದ ಬಿರುಗಾಳಿ ಎರಗಿತು. ದೋಣಿ ನಾಲ್ಕು ಬಾರಿ ಮಗುಚಿತು, ಹಾಯಿಕಂಬ ಮುರಿಯಿತು. ಆದರೂ ಇಬ್ಬರೂ ಜೀವಂತ ದಡ ಸೇರಿದರು.

ಪುಟ್ಟ ದೋಣಿಯೂ ಸಾಗರವನ್ನು ಗೆಲ್ಲಬಲ್ಲದು ಎಂಬುದಕ್ಕೆ ಈ ಪ್ರಸಂಗವನ್ನು ಉದಾಹರಿಸುವುದುಂಟು. ಆದರೆ ನಾಲ್ಕು ಬಾರಿ ಮಗುಚಿದ್ದನ್ನು ಗೆಲುವೆಂದು ಎಣಿಸುವುದು ಕಷ್ಟ. ಇಂತಹ ದೋಣಿಯ ಮಿತಿ ಎಲ್ಲಿದೆ ಎಂಬುದನ್ನೇ ಆ ಯಾನ ಹೆಚ್ಚು ಸ್ಪಷ್ಟವಾಗಿ ತೋರಿಸಿತು.

ಟ್ರೇಲರ್ ದೋಣಿಯ ಆಕಾರವನ್ನು ನಿರ್ಧರಿಸುವುದು ಕಡಲಿಗಿಂತ ಹೆಚ್ಚಾಗಿ ರಸ್ತೆ. ಅನೇಕ ದೇಶಗಳಲ್ಲಿ ಎಳೆದೊಯ್ಯುವ ವಾಹನದ ಅಗಲ ಸುಮಾರು ಎರಡೂವರೆ ಮೀಟರ್ ಮೀರುವಂತಿಲ್ಲ. ಸಾಮಾನ್ಯ ಕಾರು ಎಳೆಯಬೇಕಾದ್ದರಿಂದ ತೂಕವೂ ಕಡಿಮೆಯಿರಬೇಕು. ದೊಡ್ಡ ಹಾಯಿನೌಕೆಗೆ ತಳದಲ್ಲಿ ಸೀಸ ಅಥವಾ ಕಬ್ಬಿಣದ ಭಾರವಾದ ಕೀಲ್ ಇರುತ್ತದೆ. ಎಷ್ಟೇ ವಾಲಿದರೂ ಅದು ನೌಕೆಯನ್ನು ಮತ್ತೆ ನೆಟ್ಟಗೆ ಮಾಡಲು ಎಳೆಯುತ್ತದೆ. ವೇಫೇರರ್‌ನಂತಹ ತೆರೆದ ದೋಣಿಗೆ ಇರುವುದು ಮೇಲಕ್ಕೆತ್ತಬಹುದಾದ ಹಗುರ ಹಲಗೆ ಮಾತ್ರ. ಅಲ್ಲಿ ಭಾರವೆಂದರೆ ಅಂಚಿನಲ್ಲಿ ಕುಳಿತ ಮನುಷ್ಯರೇ. ಕ್ಯಾಬಿನ್ ಇರುವ ಕೆಲವು ಮಾದರಿಗಳಲ್ಲಿ ನೀರಿಗಿಳಿದ ಮೇಲೆ ತಳದ ತೊಟ್ಟಿಗೆ ನೀರು ತುಂಬಿಸಿ ಭಾರ ಹೆಚ್ಚಿಸುತ್ತಾರೆ. ಆ ತೊಟ್ಟಿ ಪೂರ್ತಿ ತುಂಬಿರಲೇಬೇಕು. ಅರೆತುಂಬಿದ ನೀರು ದೋಣಿ ವಾಲಿದ ಕಡೆಗೇ ಹರಿದು ಅದನ್ನು ಇನ್ನಷ್ಟು ವಾಲಿಸುತ್ತದೆ.

ಹಾಯಿಯ ಮೇಲೆ ಬೀಳುವ ಒತ್ತಡ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 18 ಕಿ.ಮೀ. ಇದ್ದ ಗಾಳಿ 36 ಕಿ.ಮೀ.ಗೆ ಏರಿದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅಂಚಿನಲ್ಲಿ ಕುಳಿತವರ ತೂಕವೇನೂ ನಾಲ್ಕು ಪಟ್ಟಾಗುವುದಿಲ್ಲವಷ್ಟೆ! ಆದ್ದರಿಂದ ಹಾಯಿಯ ಕೆಳಭಾಗವನ್ನು ಮಡಚಿ ಕಟ್ಟಿ ಅದರ ವಿಸ್ತಾರವನ್ನು ಕುಗ್ಗಿಸಬೇಕು. ‘ರೀಫಿಂಗ್’ ಎನ್ನುವ ಈ ಕೆಲಸ ದಡದಲ್ಲಿ ಕೆಲವೇ ನಿಮಿಷಗಳದ್ದು. ಅಲೆಗಳ ನಡುವೆ ಎದ್ದು ನಿಂತರೇ ದೋಣಿ ವಾಲುವ ಸ್ಥಿತಿಯಲ್ಲಿ ಅದೇ ಕೆಲಸ ಅಪಾಯಕಾರಿ. ಹಾಯಿ ಕುಗ್ಗಿಸಿದರೆ ವೇಗ ತಗ್ಗುತ್ತದೆಂಬ ಅಂಜಿಕೆಯೂ ಬಹುಪಾಲು ಹುಸಿ. ಅತಿಯಾಗಿ ವಾಲಿದ ದೋಣಿ ತಾನಾಗಿಯೇ ಗಾಳಿಯತ್ತ ತಿರುಗತೊಡಗುತ್ತದೆ, ಚುಕ್ಕಾಣಿಗೆ ನೀರಿನ ಹಿಡಿತ ತಪ್ಪುತ್ತದೆ.

ಹಾಗೆಂದು ಹಾಯಿಯನ್ನು ತೀರಾ ಕುಗ್ಗಿಸುವುದೂ ಸಲ್ಲದು. ಭಾರದ ನೌಕೆ ತನ್ನ ಓಟದ ಬಲದಿಂದಲೇ ಅಲೆಯನ್ನು ಸೀಳಿಕೊಂಡು ಮುಂದೆ ಹೋಗುತ್ತದೆ. ಹಗುರ ದೋಣಿಯನ್ನು ಎದುರಿನ ಪ್ರತಿಯೊಂದು ಅಲೆಯೂ ತಡೆದು ನಿಲ್ಲಿಸುತ್ತದೆ. ಓಟ ನಿಂತರೆ ಚುಕ್ಕಾಣಿ ಕೆಲಸ ಮಾಡುವುದಿಲ್ಲ. ಗಾಳಿಗೆದುರಾಗಿ ದಿಕ್ಕು ಬದಲಿಸಲು ಹೊರಟ ದೋಣಿ ಅರ್ಧದಲ್ಲೇ ಸಿಲುಕಿ ಹಿಂದಕ್ಕೆ ಸರಿಯುತ್ತದೆ. ಅಲೆಗಳ ನಡುವಿನ ಕೊಂಚ ಸಮತಟ್ಟಾದ ನೀರಿಗೆ ಕಾದು, ಓಟ ಹೆಚ್ಚಿಸಿಕೊಂಡು ತಿರುಗಿಸುವುದು ಅನುಭವಿಗಳ ರೂಢಿ.

ಅಲೆ ಎತ್ತರವಾಗಿದ್ದ ಮಾತ್ರಕ್ಕೆ ಅಪಾಯವಿಲ್ಲ. ಉದ್ದನೆಯ ಅಲೆಯ ಮೇಲೆ ಪುಟ್ಟ ದೋಣಿ ಬೆಂಡಿನಂತೆ ಏರಿಳಿಯುತ್ತದೆ. ಮುರಿದು ಬೀಳುವ ಅಲೆ ಅಡ್ಡಲಾಗಿ ಹೊಡೆದಾಗ ಲೆಕ್ಕವೇ ಬೇರೆ. ದೋಣಿಯ ಉದ್ದದ ಸುಮಾರು ಶೇ 30ರಷ್ಟು ಎತ್ತರದ ಇಂತಹ ಅಲೆಯೇ ಅದನ್ನು ಮಗುಚಲು ಸಾಕಾಗಬಹುದು. ವೇಫೇರರ್‌ಗೆ ಇದು ಒಂದೂವರೆ ಮೀಟರಿನಷ್ಟಾಯಿತು, ಅಂದರೆ ಸುಮಾರು ಮನುಷ್ಯನ ಹೆಗಲಮಟ್ಟದ ಅಲೆ. ಡೈ ಅವರು ಬಿರುಗಾಳಿಯಲ್ಲಿ ನೀರಿಗೆ ‘ಸಮುದ್ರ ಲಂಗರು’ ಇಳಿಬಿಟ್ಟದ್ದು ಇದೇ ಕಾರಣಕ್ಕೆ. ತಳ ಮುಟ್ಟದೆ ನೀರನ್ನೇ ಹಿಡಿದೆಳೆಯುವ ಈ ಬಟ್ಟೆಯ ಚೀಲ ದೋಣಿಯ ಮೂತಿ ಅಲೆಗೆ ಎದುರಾಗಿರುವಂತೆ ನೋಡಿಕೊಳ್ಳುತ್ತದೆ.

ಅಲೆಗಳು ಹೆಚ್ಚಾಗಿ ಮುರಿಯುವುದು ನಡುಗಡಲಿನಲ್ಲಲ್ಲ; ದಡದ ಸಮೀಪದ ದಿಬ್ಬಗಳ ಮೇಲೆ, ನದಿ ಕಡಲನ್ನು ಸೇರುವಲ್ಲಿ. ನಮ್ಮ ಕರಾವಳಿಯ ಮೀನುಗಾರರಿಗೆ ಅಳಿವೆ ದಾಟುವುದೆಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಇಳಿತದ ನೀರು ಹೊರಕ್ಕೆ ನುಗ್ಗುವಾಗ ಎದುರಿನಿಂದ ಗಾಳಿ ಬೀಸಿದರೆ ಅಲೆಗಳು ಗೋಡೆಯಂತೆ ಎದ್ದು ನಿಲ್ಲುತ್ತವೆ. ಗಾಳಿ ಜೋರಾಯಿತೆಂದು ದಡಕ್ಕೆ ಧಾವಿಸುವವರು ಅರಿಯದೆ ಅಲ್ಲಿಗೇ ಬಂದು ಸೇರುತ್ತಾರೆ.

ಮಗುಚಿದ ಮೇಲೇನು? ವೇಫೇರರ್‌ನ ಹಿಂದೆ ಮುಂದೆ ಗಾಳಿ ತುಂಬಿದ, ನೀರು ನುಗ್ಗದ ಕೋಶಗಳಿವೆ. ಮುಚ್ಚಳಗಳು ಭದ್ರವಾಗಿದ್ದರೆ ಅದು ಮುಳುಗುವುದಿಲ್ಲ. ಹಲಗೆಯ ಮೇಲೆ ನಿಂತು ತೂಗಿದರೆ ಮತ್ತೆ ನೆಟ್ಟಗಾಗುತ್ತದೆ. ಡೈ ಮತ್ತು ಸಂಗಡಿಗ ಪ್ರತಿ ಬಾರಿಯೂ ದೋಣಿಯನ್ನು ಎತ್ತಿ ನಿಲ್ಲಿಸಿ, ನೀರು ಮೊಗೆದು ಹಾಕಿದರು. 1979ರ ಫಾಸ್ಟ್‌ನೆಟ್ ಸ್ಪರ್ಧೆಯ ಬಿರುಗಾಳಿಯಲ್ಲಿ ಇವಕ್ಕಿಂತ ಎಷ್ಟೋ ದೊಡ್ಡದಾದ 24 ನೌಕೆಗಳನ್ನು ಅವುಗಳ ನಾವಿಕರು ತೊರೆದಿದ್ದರು. 15 ಸ್ಪರ್ಧಿಗಳು ಸತ್ತರು. ತೊರೆದ ನೌಕೆಗಳಲ್ಲಿ ಮುಳುಗಿದವು ಐದೇ. ಉಳಿದವು ಗಾಳಿ ತಗ್ಗಿದ ಮೇಲೂ ತೇಲುತ್ತಿದ್ದವು.