ಅಜ್ಜ ಎಲ್ಲಿದ್ದಾನೆ? ನೀಲಿ ಚುಕ್ಕಿಗೆ ಗೊತ್ತು!

ಕಳೆದ ಶ್ರಾವಣದ ಮಾತು. ಇಳಕಲ್‌ನ ನಮ್ಮ ಮನೆಯಲ್ಲಿ ಬೆಳಿಗ್ಗೆ ಅವಲಕ್ಕಿ ತಿಂದು, "ಹುನಗುಂದದಾಗ ಬ್ಯಾಂಕಿನ ಕೆಲಸ ಐತಿ, ಹೋಗಿ ಬರ್ತೀನಿ" ಎಂದು ಹೆಂಡತಿಗೆ ಹೇಳಿ ಬಸ್ ಹತ್ತಿದೆ. ಆದರೆ ಹುನಗುಂದದಲ್ಲಿ ಇಳಿಯಲಿಲ್ಲ. ನೇರವಾಗಿ ಬಾಗಲಕೋಟೆಗೆ ಹೋದೆ. ಒಂದು ವಾರದಿಂದ ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಏನೋ ಹಿಡಿದಂತಾಗುತ್ತಿತ್ತು. ಮನೆಯವರಿಗೆ ಗಾಬರಿ ಯಾಕೆ, ಮೊದಲು ತೋರಿಸಿಕೊಂಡು ಬರೋಣ ಎಂದುಕೊಂಡಿದ್ದೆ.

ಮಧ್ಯಾಹ್ನ ಹನ್ನೆರಡೂವರೆಗೆ ಬೆಂಗಳೂರಿನಿಂದ ಮಗನ ಫೋನು. "ಅಪ್ಪಾ, ಹೃದಯದ ದವಾಖಾನಿಯೊಳಗ ಒಂದೂವರೆ ತಾಸಿನಿಂದ ಏನ್ ಮಾಡಾಕತ್ತೀ?"

ನಾನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದು ನನ್ನ ಅಂಗಿಯ ಜೇಬಿನಲ್ಲಿದ್ದ ಫೋನು! ಬೇಸಿಗೆ ರಜೆಗೆ ಬಂದಿದ್ದ ಏಳನೆಯ ತರಗತಿಯ ಮೊಮ್ಮಗ, "ಅಜ್ಜಾ, ನೀ ಎಲ್ಲಿದ್ದರೂ ನಮಗ ಕಾಣ್ತೀ" ಎಂದು ಏನೋ ಒತ್ತಿ ಕೊಟ್ಟಿದ್ದ. ನಾನೂ ಹೂಂ ಅಂದಿದ್ದೆ. ಅದು ಹಗಲೂ ರಾತ್ರಿ ನಡೆಯುತ್ತದೆ ಎಂಬುದು ಮರೆತೇ ಹೋಗಿತ್ತು.

ಡಾಕ್ಟರು ಒಂದು ಗುಳಿಗೆ ಬರೆದುಕೊಟ್ಟು, ಹೆದರಬೇಡಿ ಎಂದರು. ಎದೆಯ ಹಿಡಿತ ಹೋಯಿತು, ಮನಸ್ಸಿನದು ಹೋಗಲಿಲ್ಲ. ಸುಳ್ಳು ಹೇಳಿದೆನೆಂದು ಮಗನಿಗೆ ಸಿಟ್ಟು, ಕಾವಲು ಇಟ್ಟರೆಂದು ನನಗೆ ಸಿಟ್ಟು. ಎರಡು ದಿನ ಅಪ್ಪ-ಮಗ ಮಾತಾಡಲಿಲ್ಲ.

ಕಾಲಿನ ಪಾಸ್‌ಬುಕ್

1976ರಲ್ಲಿ ನಾನು ಬ್ಯಾಂಕಿನ ಗುಮಾಸ್ತನಾಗಿ ಸೇರಿದ ದಿನ ಮೊದಲು ಸಹಿ ಮಾಡಿದ್ದು ಹಾಜರಿ ಪುಸ್ತಕಕ್ಕಲ್ಲ, ನಿಷ್ಠೆ ಮತ್ತು ಗೋಪ್ಯತೆಯ ಪ್ರಮಾಣಪತ್ರಕ್ಕೆ. ಗ್ರಾಹಕರ ವ್ಯವಹಾರವನ್ನು ಹೊರಗೆ ಬಾಯಿಬಿಡುವುದಿಲ್ಲ ಎಂಬ ಮಾತು ಅದು. ನೇಕಾರರು ಮಗಳ ಮದುವೆಗೆ ಬಂಗಾರ ಒತ್ತೆ ಇಡುತ್ತಿದ್ದರು. ಸಂಜೆ ಚಹಾದ ಅಂಗಡಿಯಲ್ಲಿ ಯಾರಾದರೂ "ಅವರದೇನು ಸುದ್ದಿ?" ಎಂದರೆ ನಾನು ಮಳೆಯ ಮಾತೆತ್ತುತ್ತಿದ್ದೆ. ಯಾಕೆಂದರೆ ಪಾಸ್‌ಬುಕ್ಕಿನಲ್ಲಿ ಬರೀ ಅಂಕಿ ಇರುವುದಿಲ್ಲ, ಮನೆಯ ಸುಖ-ದುಃಖ ಇರುತ್ತದೆ.

ನಾವು ಹೋಗಿ ಬಂದ ಜಾಗಗಳ ಪಟ್ಟಿಯೂ ಅಂಥದೇ ಒಂದು ಪಾಸ್‌ಬುಕ್. ದುಡ್ಡಿನ ಬದಲು ಹೆಜ್ಜೆಗಳ ಜಮಾ-ಖರ್ಚು. ದವಾಖಾನೆಗೆ ಹೋದರೆ ಕಾಯಿಲೆ ತಿಳಿಯಿತು, ವಕೀಲರ ಮನೆಗೆ ಹೋದರೆ ವ್ಯಾಜ್ಯ ತಿಳಿಯಿತು. ರಾತ್ರಿ ಫೋನು ಎಲ್ಲಿ ಮಲಗುತ್ತದೋ ಅದು ಮನೆ, ಹಗಲು ಎಲ್ಲಿ ಇರುತ್ತದೋ ಅದು ಶಾಲೆ ಅಥವಾ ಕಚೇರಿ. ಹೆಸರು ಬರೆಯದಿದ್ದರೂ ಇದು ಯಾರ ಪಾಸ್‌ಬುಕ್ ಎಂದು ಗುರುತಿಸಬಹುದು.

ಉಪಗ್ರಹ ಚಾಡಿ ಹೇಳುವುದಿಲ್ಲ

ಮಕ್ಕಳೇ, ಆಕಾಶದ ಉಪಗ್ರಹ ನಮ್ಮನ್ನು ನೋಡುತ್ತಿರುತ್ತದೆ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, "ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು" ಎಂದು ರೇಡಿಯೋದಂತೆ ಸಾರುತ್ತಿರುತ್ತವೆ, ಅಷ್ಟೆ. ಕನಿಷ್ಠ ನಾಲ್ಕು ಉಪಗ್ರಹಗಳ ಮಾತು ಕೇಳಿಸಿಕೊಂಡು, ಯಾವ ಸಂಕೇತ ಎಷ್ಟು ತಡವಾಗಿ ಬಂತು ಎಂದು ಲೆಕ್ಕ ಹಾಕಿ, ತಾನೆಲ್ಲಿದ್ದೇನೆ ಎಂದು ಕಂಡುಕೊಳ್ಳುವುದು ಫೋನು. ಆ ಲೆಕ್ಕ ಎಷ್ಟು ಸೂಕ್ಷ್ಮವೆಂದರೆ, ಗಡಿಯಾರ ಒಂದು ಸೆಕೆಂಡಿನ 10 ಲಕ್ಷದ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬರುತ್ತದೆ.

ನಮ್ಮ ದೇಶಕ್ಕೂ 'ನಾವಿಕ್' ಎಂಬ ಸ್ವಂತ ವ್ಯವಸ್ಥೆ ಇದೆ. ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ಸಂಚಾರ ಕೇಂದ್ರ ಇರುವುದು ನಮ್ಮ ರಾಜ್ಯದ ಬ್ಯಾಲಾಳುವಿನಲ್ಲಿ.

ಹಾಗಾದರೆ ಚಾಡಿ ಹೇಳುವವರು ಯಾರು? ಫೋನಿನೊಳಗಿನ ಆ್ಯಪ್‌ಗಳು. ಲೆಕ್ಕ ಮುಗಿದ ಮೇಲೆ ಅದನ್ನು ಯಾರಿಗೆ ಕಳಿಸಬೇಕು ಎಂಬುದು ನಾವು ಕೊಟ್ಟ ಅನುಮತಿಯ ಮೇಲಿದೆ. ಇನ್ನೊಂದು ಮಾತು: ಲೊಕೇಶನ್ ಬಂದ್ ಮಾಡಿದರೂ, ಫೋನು ಯಾವ ಟವರಿನ ಹತ್ತಿರ ಇದೆ ಎಂಬುದು ಮೊಬೈಲ್ ಕಂಪನಿಗೆ ತಿಳಿದೇ ಇರುತ್ತದೆ. ಇಲ್ಲದಿದ್ದರೆ ಕರೆ ನಮ್ಮನ್ನು ಹುಡುಕಿಕೊಂಡು ಬರುವುದಾದರೂ ಹೇಗೆ?

ಬ್ಯಾಟರಿಗೆ ದಾರಿ ಯಾಕೆ ಬೇಕು?

ಅಮೆರಿಕದಲ್ಲಿ 'ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್' ಎಂಬ ಟಾರ್ಚ್ ಆ್ಯಪ್ ಇತ್ತು. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅನ್ನುತ್ತೇವೆ. ಬೆಳಕು ಬಿಡುವುದಷ್ಟೇ ಅದರ ಕೆಲಸ. ಆದರೆ ಅದು ಸದ್ದಿಲ್ಲದೆ ಜನರ ಇರುವಿಕೆಯನ್ನು ಜಾಹೀರಾತು ಜಾಲಗಳಿಗೆ ಕಳಿಸುತ್ತಿತ್ತು. 2013ರಲ್ಲಿ ಅಲ್ಲಿನ ಸರ್ಕಾರಿ ಆಯೋಗ ಅದರ ಮೇಲೆ ಕ್ರಮ ಕೈಗೊಂಡಿತು.

2018ರ ಜನವರಿಯಲ್ಲಿ ಇನ್ನೊಂದು ಸುದ್ದಿ. ವ್ಯಾಯಾಮದ ಲೆಕ್ಕ ಇಡುವ 'ಸ್ಟ್ರಾವಾ' ಆ್ಯಪ್, ಜಗತ್ತಿನ ಜನ ಓಡಿದ ದಾರಿಗಳನ್ನೆಲ್ಲ ಸೇರಿಸಿ ಒಂದು ನಕ್ಷೆ ಹೊರತಂದಿತ್ತು. ಮರುಭೂಮಿಯ ನಡುವೆ ಗೆರೆಗಳು ಹೊಳೆಯುವುದನ್ನು ಆಸ್ಟ್ರೇಲಿಯಾದ 20 ವರ್ಷದ ವಿದ್ಯಾರ್ಥಿಯೊಬ್ಬ ಗಮನಿಸಿದ. ಅವು ಸೈನಿಕರು ಬೆಳಿಗ್ಗೆ ಓಡುವ ದಾರಿಗಳು! ಸೇನಾ ನೆಲೆಗಳ ಆಕಾರವೇ ನಕ್ಷೆಯಲ್ಲಿ ಮೂಡಿತ್ತು.

ಮಕ್ಕಳ ಕೈಗಡಿಯಾರದ ಕಥೆಯೂ ಇದೆ. 2017ರಲ್ಲಿ ನಾರ್ವೆಯ ಗ್ರಾಹಕ ಮಂಡಳಿ ಕೆಲವು ಸ್ಮಾರ್ಟ್ ವಾಚುಗಳನ್ನು ಪರೀಕ್ಷಿಸಿತು. ಅಪರಿಚಿತರೂ ಒಳಹೊಕ್ಕು ಮಗು ಎಲ್ಲಿದೆ ಎಂದು ನೋಡಬಹುದು, ಅಷ್ಟೇ ಅಲ್ಲ, ಮಗು ಬೇರೆಲ್ಲೋ ಇದೆ ಎಂದು ಸುಳ್ಳೂ ತೋರಿಸಬಹುದು ಎಂದು ಗೊತ್ತಾಯಿತು. ಕಾಯಲೆಂದು ಕಟ್ಟಿದ ಗಡಿಯಾರವೇ ಕಳ್ಳನಿಗೆ ಬಾಗಿಲು ತೆರೆದಂತೆ.

ದೂರದ ಮಾತು ಬೇಡವೆಂದರೆ ನಮ್ಮ ರಾಜ್ಯದ್ದೇ ನೆನಪಿಸಿಕೊಳ್ಳಿ. 2020ರ ಮಾರ್ಚ್ ಕೊನೆಗೆ, ಕೊರೊನಾ ಕಾಲದಲ್ಲಿ, ಮನೆಯಲ್ಲೇ ಕ್ವಾರಂಟೈನ್ ಆದವರು ರಾತ್ರಿ 10ರಿಂದ ಬೆಳಿಗ್ಗೆ 7ರ ಹೊತ್ತು ಬಿಟ್ಟು ಪ್ರತಿ ತಾಸಿಗೊಮ್ಮೆ ಸೆಲ್ಫಿ ಕಳಿಸಬೇಕೆಂದು ಸರ್ಕಾರ ಹೇಳಿತು. ಫೋಟೋದ ಜೊತೆಗೆ ಜಾಗವೂ ಹೋಗುತ್ತಿತ್ತು. ರೋಗ ಹಬ್ಬದಂತೆ ತಡೆಯಬೇಕೆಂಬುದು ನಿಜ. ಮನುಷ್ಯನ ಮರ್ಯಾದೆ ಉಳಿಯಬೇಕೆಂಬುದೂ ನಿಜ. ಎರಡನ್ನೂ ತೂಗುವ ತಕ್ಕಡಿ ಬೇಕು.

86ರ ಅಜ್ಜನ ಅರ್ಜಿ

ಆ ತಕ್ಕಡಿಯನ್ನು ಕೇಳಿದವರು ನಮ್ಮವರೇ ಒಬ್ಬ ಹಿರಿಯರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಬಗ್ಗೆ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟರು. ಅಜ್ಜಂದಿರೇ, ವಯಸ್ಸಾಯಿತು ನಮಗ್ಯಾಕೆ ಇದೆಲ್ಲ ಎನ್ನಬೇಡಿ!

2023ರಲ್ಲಿ ವೈಯಕ್ತಿಕ ಡಿಜಿಟಲ್ ಮಾಹಿತಿ ರಕ್ಷಣೆಯ ಕಾಯ್ದೆಯೂ ಬಂತು. 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಮಕ್ಕಳ ಬೆನ್ನು ಹತ್ತಿ ಜಾಹೀರಾತು ತೋರಿಸುವಂತಿಲ್ಲ ಎಂದು ಅದರಲ್ಲಿದೆ. ಕೆಲವು ವಿನಾಯಿತಿಗಳೂ ಇವೆ.

ಜಾತ್ರೆಯಲ್ಲಿ ನಿಂತ ಚುಕ್ಕಿ

ಇಷ್ಟೆಲ್ಲ ಓದಿ ತಿಳಿದ ಮೇಲೆ ನಾನು ಮಗನಿಗೆ ಫೋನು ಮಾಡಿ, "ಆ ಚುಕ್ಕಿ ತೆಗೆದುಬಿಡ್ತೀನಿ" ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಅಷ್ಟು ದೂರದಾಗ ಕೂತು ನಾ ಮತ್ತೇನು ಮಾಡ್ಲಿ?" ಎಂದ. ಆಗ ನನಗೆ ತಿಳಿಯಿತು, ಅದು ಕಾವಲಲ್ಲ, ಕಾಳಜಿ. ಆದರೆ ಕಾಳಜಿಗೂ ಬಾಗಿಲು ತಟ್ಟುವ ರೂಢಿ ಇರಬೇಕಲ್ಲವೇ? ಕೊನೆಗೆ ಹೀಗೆ ಒಪ್ಪಂದವಾಯಿತು: ಊರು ಬಿಟ್ಟು ಹೋಗುವಾಗ ನಾನೇ ಲೊಕೇಶನ್ ಹಂಚುವುದು, ಮನೆಗೆ ಬಂದ ಮೇಲೆ ನಿಲ್ಲಿಸುವುದು. ಅವನು ಬೇಕೆಂದಾಗ ಕೇಳುವುದು. ಮತ್ತು ನಾನು ದವಾಖಾನೆಗೆ ಹೋದರೆ ಸುಳ್ಳು ಹೇಳದಿರುವುದು.

ಜನವರಿಯ ಬನದ ಹುಣ್ಣಿಮೆಗೆ ಎಲ್ಲರೂ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದೆವು. ಗದ್ದಲದಲ್ಲಿ ಹೆಂಡತಿ ಮತ್ತು ಮೊಮ್ಮಗ ತಪ್ಪಿಸಿಕೊಂಡರು. ಮಗ ಫೋನಿನಲ್ಲಿ ಚುಕ್ಕಿ ನೋಡಿದ. ತೇರಿನ ಹತ್ತಿರ ಇದೆ. ಓಡಿದೆವು. ಅಲ್ಲಿ ಇಬ್ಬರೂ ಇಲ್ಲ! ಲಕ್ಷಗಟ್ಟಲೆ ಜನರ ನಡುವೆ ನೆಟ್‌ವರ್ಕ್ ಕಟ್ಟಿಕೊಂಡು, ಚುಕ್ಕಿ ಇಪ್ಪತ್ತು ನಿಮಿಷದಿಂದ ಅಲ್ಲೇ ನಿಂತಿತ್ತು. ನನ್ನ ಎದೆ ಮತ್ತೆ ಹಿಡಿದುಕೊಂಡಿತು. ಆಗ ನೆನಪಾಯಿತು, ಬಸ್ ಇಳಿದಾಗ ಹೆಂಡತಿ ಹೇಳಿದ್ದಳು: "ತಪ್ಪಿಸಿಕೊಂಡ್ರ ಹೊಂಡದ ದೀಪಸ್ತಂಭದ ಹಂತೇಕ ನಿಲ್ಲೋದು." ಹೋಗಿ ನೋಡಿದರೆ ಅಜ್ಜಿ-ಮೊಮ್ಮಗ ಅಲ್ಲೇ ಕೂತು ಮಿರ್ಚಿ ತಿನ್ನುತ್ತಿದ್ದರು!

ಅಜ್ಜ-ಮೊಮ್ಮಗ ಕೂಡಿ ಮಾಡಿ

• ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ತೆರೆದು, ಯಾವ ಆ್ಯಪ್‌ಗೆ ಅನುಮತಿ ಇದೆ ನೋಡಿ. ನಕ್ಷೆಗೆ "ಬಳಸುವಾಗ ಮಾತ್ರ" ಸಾಕು. ಟಾರ್ಚ್, ಕ್ಯಾಲ್ಕ್ಯುಲೇಟರ್, ಆಟಗಳಿಗೆ ಬೇಡವೇ ಬೇಡ.

• ಹವಾಮಾನದಂಥ ಆ್ಯಪ್‌ಗೆ ಊರು ತಿಳಿದರೆ ಸಾಕು. "ನಿಖರ" ಎಂಬುದನ್ನು ತೆಗೆಯಿರಿ.

• ವಾಟ್ಸ್‌ಆ್ಯಪ್‌ನಲ್ಲಿ ಲೈವ್ ಲೊಕೇಶನ್ 15 ನಿಮಿಷ, 1 ತಾಸು ಅಥವಾ 8 ತಾಸಿಗೆ ಹಂಚಬಹುದು. ಬೇಕಾದಷ್ಟೇ ಹಂಚಿ.

• ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಫೋಟೋದ ಜೊತೆ ಜಾಗ ಉಳಿಸುವುದನ್ನು ಬಂದ್ ಮಾಡಿ. ಪ್ರವಾಸದ ಚಿತ್ರಗಳನ್ನು ಮನೆಗೆ ಬಂದ ಮೇಲೆ ಹಾಕಿ. ಇಲ್ಲದಿದ್ದರೆ "ಮನೆಗೆ ಕೀಲಿ ಹಾಕೇದ" ಎಂದು ನೀವೇ ಡಂಗುರ ಸಾರಿದಂತೆ.

• ಆಪತ್ತಿಗೆ 112. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ತಡಮಾಡದೆ 1930.

• ಜಾತ್ರೆಗೆ ಹೋದಾಗ ಸೇರುವ ಜಾಗ ಮೊದಲೇ ಹೇಳಿಟ್ಟುಕೊಳ್ಳಿ. ಇದಕ್ಕೆ ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ.

ಕಳೆದ ವಾರ ಮತ್ತೆ ತಪಾಸಣೆ ಇತ್ತು. ಬಸ್ ಹತ್ತುವ ಮೊದಲು ನಾನೇ ಮಗನಿಗೆ ಫೋನು ಮಾಡಿ, "ದವಾಖಾನಿಗೆ ಹೊಂಟೀನಿ, ನಾಲ್ಕಕ್ಕ ಮನೀಗೆ ಬರ್ತೀನಿ" ಎಂದೆ.

"ಲೊಕೇಶನ್ ಹಾಕ್ಲಿಲ್ಲಲ್ಲ ಅಪ್ಪಾ?"

"ಬಾಯಿಲೆ ಹೇಳೀನಲ್ಲೋ ತಮ್ಮಾ, ಸಾಲದೇನು?" ಎಂದೆ. ಆ ಕಡೆಯಿಂದ ನಗು ಕೇಳಿಸಿತು.