ಮಾತಿಗೆ ಬೀಳದ ಗಂಟು

ದೀಪದ ತಂತಿಯನ್ನು ಯಾರಾದರೂ ಜಗ್ಗಿದರೆ ಆ ಎಳೆತ ತಿರುಪುಗಳ ಮೇಲೆ ಬೀಳಬಾರದೆಂದು ಒಳಗೊಂದು ಗಂಟು ಹಾಕುವುದುಂಟು. ಅಮೆರಿಕದಲ್ಲಿ 1940ರಲ್ಲಿ ಆರಂಭವಾದ ಕಾರ್ಖಾನೆ ತರಬೇತಿಯ ಯೋಜನೆಯೊಂದು ಮೇಲ್ವಿಚಾರಕರ ಮುಂದೆ ಈ ಗಂಟನ್ನೇ ಇಟ್ಟಿತು. ಬರಿಯ ಮಾತಿನಲ್ಲಿ ವಿವರಿಸಿದರು, ಕೇಳಿದವನಿಗೆ ಬರಲಿಲ್ಲ. ಮಾತಿಲ್ಲದೆ ಕಟ್ಟಿ ತೋರಿದರು, ಆಗಲೂ ಬರಲಿಲ್ಲ. ಹಂತಹಂತವಾಗಿ ತೋರಿಸುತ್ತ, ಹೀಗೇಕೆಂಬ ಕಾರಣವನ್ನೂ ಹೇಳಿ, ಅವನಿಂದಲೇ ಕಟ್ಟಿಸಿದಾಗ ಕೈಗೆ ಹತ್ತಿತು. ಬಾಯಿಮಾತಿನಲ್ಲೇ ಆಯುಷ್ಯ ಕಳೆದ ಮೇಷ್ಟರಿಗೆ ಇದು ಕೊಂಚ ಮುಜುಗರದ ಸಂಗತಿ!

ಇಂದು ಯಂತ್ರದ ಪಕ್ಕದಲ್ಲಿಯೇ ಚಿತ್ರ, ಧ್ವನಿ, ಬರಹ ಮೂರನ್ನೂ ಒಂದುಗೂಡಿಸಬಹುದು. ಆದರೆ ಎದುರು ನಿಂತು ತೆಗೆದ ಚಿತ್ರದಲ್ಲಿ ಬಲಗೈ ನೋಡುವವನ ಎಡಕ್ಕೆ ಬರುತ್ತದೆ. ಕ್ಯಾಮೆರಾ ಕೆಲಸಗಾರನ ಹೆಗಲ ಮೇಲಿಂದ ನೋಡಬೇಕು. ಗದ್ದಲದಲ್ಲಿ ಧ್ವನಿ ಮುಳುಗುವುದರಿಂದ, ಬೆರಳು ಸಿಕ್ಕುವ ಜಾಗ ಬಂದೊಡನೆ ಚಿತ್ರ ನಿಂತು, ಅವನಾಡುವ ನುಡಿಯಲ್ಲೇ ಎರಡು ಪದ ಮೂಡಬೇಕು: ‘ಕೈ ತೆಗೆಯಿರಿ.’