ನಾಣ್ಯ ತೊಳೆದ ಹುಡುಗನನ್ನು ಗುಂಪಿನಿಂದ ತೆಗೆದರು

ಒಂದು ಸಂಜೆ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಾ ಕೂತಿದ್ದೆ. ರಿಸೆಪ್ಷನ್‌ನಿಂದ ಫೋನ್. "ಸರ್, ಯಾರೋ ಒಬ್ಬ ಹುಡುಗ, ಇದು ಮೂರನೇ ಸಲ ಮಾಡ್ತಿರೋದು, ಮಾತಾಡ್ತೀರಾ?" ಮಾತಾಡಿದೆ. ಡಿಗ್ರಿ ಎರಡನೇ ವರ್ಷದವನು. ಅಜ್ಜಿ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಒಂದು ತಾಮ್ರದ ನಾಣ್ಯ ಸಿಕ್ಕಿದೆ. ಕಪ್ಪಗಿತ್ತಂತೆ. ಮನೆಯಲ್ಲಿ ದೇವರ ಚೊಂಬು ತೊಳೆಯೋ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದ್ದಾನೆ. ಆನೆ ಚಿತ್ರ ಕಾಣಿಸಿದೆ. ಖುಷಿಯಲ್ಲಿ ಫೋಟೋ ತೆಗೆದು ನಾಣ್ಯ ಸಂಗ್ರಾಹಕರ ವಾಟ್ಸಾಪ್ ಗುಂಪಿಗೆ ಹಾಕಿ, "ಇದಕ್ಕೆ ಎಷ್ಟು ಬರುತ್ತೆ ಸರ್?" ಅಂತ ಕೇಳಿದ್ದಾನೆ.

ಅಷ್ಟೇ ನೋಡಿ. "ಕೊಲೆ ಮಾಡಿಬಿಟ್ಟೆಯಲ್ಲಪ್ಪಾ" ಅಂತ ಒಬ್ಬರು. "ಗುಜರಿಗೆ ಹಾಕು, ಕೆಜಿ ಲೆಕ್ಕದಲ್ಲಿ ಕೊಡ್ತಾರೆ" ಅಂತ ಇನ್ನೊಬ್ಬರು. ಆಮೇಲೆ ನಗೋ ಮುಖಗಳ ಸಾಲು. ಅರ್ಧ ಗಂಟೆಯಲ್ಲಿ ಅಡ್ಮಿನ್ ಅವನನ್ನ ಗುಂಪಿನಿಂದಲೇ ತೆಗೆದುಬಿಟ್ಟರು. ಅವನು ನನಗೆ ಫೋನ್ ಮಾಡಿದ್ದು ಈ ಅವಮಾನಕ್ಕಲ್ಲ. ಅದೇ ರಾತ್ರಿ ಅವನಿಗೆ ಬಂದ ಇನ್ನೊಂದು ಕರೆಗೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಅವನ ತಪ್ಪು ಏನು ಅನ್ನೋದನ್ನ ನೋಡೋಣ, ಯಾಕೆಂದರೆ ತಪ್ಪು ನಿಜವಾಗಿಯೂ ಆಗಿದೆ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಈ ಭಾಗ ಸ್ವಲ್ಪ ಜಾಸ್ತಿಯೇ ಹೇಳ್ತೀನಿ, ಕ್ಷಮಿಸಿ. ತಾಮ್ರ ಗಾಳಿಯಲ್ಲಿರೋ ಆಮ್ಲಜನಕದ ಜೊತೆ ನಿಧಾನಕ್ಕೆ ಸೇರಿ ಮೇಲೊಂದು ಕಂದು ಪದರ ಕಟ್ಟಿಕೊಳ್ಳುತ್ತೆ. ಸಂಗ್ರಾಹಕರು ಅದನ್ನ ಪ್ಯಾಟಿನಾ ಅಂತಾರೆ. ಅದು ಹೊರಗಿನಿಂದ ಬಂದು ಕೂತ ಕೊಳೆಯಲ್ಲ, ನಾಣ್ಯದ ತಾಮ್ರವೇ ರೂಪ ಬದಲಿಸಿಕೊಂಡಿರೋದು. ಹುಣಸೆಯಲ್ಲಿರೋ ಟಾರ್ಟಾರಿಕ್ ಆಮ್ಲ ಆ ಪದರವನ್ನ ಕರಗಿಸುತ್ತೆ, ಒಳಗಿನ ಹಸಿ ತಾಮ್ರ ಫಳಫಳ ಅನ್ನುತ್ತೆ. ಚೊಂಬಿಗೆ ಇದು ಸರಿ, ನಾಳೆ ಮತ್ತೆ ಕಪ್ಪಾದರೆ ಮತ್ತೆ ತಿಕ್ಕಬಹುದು. ಆದರೆ ನಾಣ್ಯದ ಮೇಲಿನ ಅಕ್ಷರಗಳ ಎತ್ತರವೇ ಕೂದಲೆಳೆಯಷ್ಟು. ಪದರ ಹೋದಾಗ ಅದರ ಜೊತೆ ಅಕ್ಷರದ ಅಂಚೂ ಹೋಗುತ್ತೆ. ಇನ್ನೂರು ವರ್ಷ ತಗೊಂಡು ಕಟ್ಟಿದ ಪದರವನ್ನ ವಾಪಸ್ ತರೋಕೆ ಯಾವ ಲ್ಯಾಬಿನಿಂದಲೂ ಆಗಲ್ಲ. ಬೆಳ್ಳಿ ನಾಣ್ಯಕ್ಕೆ ಟೂತ್‌ಪೇಸ್ಟ್ ಹಾಕಿ ಉಜ್ಜೋರ ಕಥೆಯೂ ಇದೇ. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರ್‌ನಲ್ಲಿ ವರ್ಷಗಟ್ಟಲೆ ಇಟ್ಟು, ಆಮೇಲೆ ಹಸಿರು ಅಂಟು ಹತ್ತಿಸಿಕೊಂಡು ಗೋಳಾಡೋರೂ ಇದ್ದಾರೆ.

ಅಂದರೆ ಹಿರಿಯ ಸಂಗ್ರಾಹಕರ ಹೊಟ್ಟೆ ಉರಿಯೋದು ಸುಳ್ಳಲ್ಲ. ಜೊತೆಗೆ ಅವರಿಗೆ ದಿನಾ ಅದೇ ಪ್ರಶ್ನೆ. ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯಕ್ಕೆ ಎಷ್ಟು? ಟ್ರ್ಯಾಕ್ಟರ್ ಇರೋ ಐದು ರೂಪಾಯಿ ನೋಟಿಗೆ ಎಷ್ಟು? 786 ಇರೋ ನೋಟಿಗೆ ಎಷ್ಟು? ಆ ವೈಷ್ಣೋದೇವಿ ನಾಣ್ಯ 2012ರದ್ದು, ದೇಗುಲ ಮಂಡಳಿಗೆ 25 ವರ್ಷ ತುಂಬಿದ್ದಕ್ಕೆ ಹೊರಡಿಸಿದ್ದು, ಎಲ್ಲರ ಜೇಬಿನಲ್ಲೂ ಓಡಾಡಿದೆ. ಇದನ್ನ ನೂರು ಸಲ ಹೇಳಿದ ಮನುಷ್ಯನಿಗೆ ನೂರೊಂದನೇ ಸಲ ತಾಳ್ಮೆ ಕೆಡುತ್ತೆ. ಒಪ್ಪಿದೆ.

ಆದರೆ ಈಗ ಆ ರಾತ್ರಿಯ ಕರೆಗೆ ಬರೋಣ. ವಾಟ್ಸಾಪ್ ಗುಂಪಿನಲ್ಲಿ ಒಬ್ಬರ ನಂಬರ್ ಉಳಿದವರಿಗೆಲ್ಲ ಕಾಣುತ್ತೆ. ಒಂದು ಮಾತೂ ಆಡದೆ ಮೂಲೆಯಲ್ಲಿ ಕೂತವನಿಗೂ ಕಾಣುತ್ತೆ. ಹುಡುಗನಿಗೆ ಫೋನ್ ಮಾಡಿದವನು ಎಷ್ಟು ವಿನಯ ಅಂತೀರಿ! "ಸರ್, ಅವರಿಗೆಲ್ಲ ಹೊಟ್ಟೆಕಿಚ್ಚು. ನಿಮ್ಮ ನಾಣ್ಯ ನಾಲ್ಕು ಲಕ್ಷಕ್ಕೆ ಹೋಗುತ್ತೆ, ಪಾರ್ಟಿ ರೆಡಿ ಇದೆ." ಇಡೀ ದಿನ ಬೈಗುಳ ತಿಂದವನಿಗೆ ಒಬ್ಬ ಸರ್ ಅಂದ. ಮೊದಲು ರಿಜಿಸ್ಟ್ರೇಷನ್ ಅಂತ ಸಣ್ಣ ಮೊತ್ತ. ಆಮೇಲೆ ಜಿಎಸ್‌ಟಿ. ಆಮೇಲೆ ರಿಸರ್ವ್ ಬ್ಯಾಂಕಿನ ಎನ್‌ಒಸಿ, ಅದಕ್ಕೊಂದು ಲೋಗೋ ಇರೋ ಪತ್ರ ಬೇರೆ. ಹದಿನೆಂಟು ಸಾವಿರ ಹೋಗಿದೆ, ಕಾಲೇಜು ಫೀಸಿಗೆ ಇಟ್ಟಿದ್ದ ದುಡ್ಡು.

ಇದು ಹೊಸ ಮೋಸವೇನಲ್ಲ. 2021ರ ಆಗಸ್ಟ್‌ನಲ್ಲೇ ರಿಸರ್ವ್ ಬ್ಯಾಂಕ್ ಪ್ರಕಟಣೆ ಕೊಟ್ಟು ಹೇಳಿದೆ: ಹಳೇ ನೋಟು, ನಾಣ್ಯಗಳ ಕೊಡು-ಕೊಳ್ಳುವಿಕೆಗೂ ನಮಗೂ ಸಂಬಂಧ ಇಲ್ಲ, ಅದಕ್ಕಾಗಿ ನಾವು ಶುಲ್ಕ, ಕಮಿಷನ್ ಕೇಳಲ್ಲ, ನಮ್ಮ ಹೆಸರು, ಲೋಗೋ ಬಳಸಿ ಮೋಸ ಮಾಡ್ತಿದ್ದಾರೆ, ಎಚ್ಚರ. ಈ ಪ್ರಕಟಣೆ ಆ ಗುಂಪಿನ ಹಿರಿಯರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದವನು ಒಬ್ಬನೇ, ಅವನನ್ನ ಹೊರಗೆ ಹಾಕಿದ್ದರು.

ನನ್ನ ತಕರಾರು ಇರೋದು ಇಲ್ಲಿ. ಹೊಸಬನಿಗೆ ಬೈದರೆ ಅವನು ತಪ್ಪು ಮಾಡೋದು ನಿಲ್ಲಿಸಲ್ಲ, ನಿಮ್ಮನ್ನ ಕೇಳೋದು ನಿಲ್ಲಿಸ್ತಾನೆ. ಆಮೇಲೆ ಅವನು ಯಾರನ್ನ ಕೇಳ್ತಾನೆ? ಉತ್ತರ ಕೊಡೋಕೆ ತುದಿಗಾಲಲ್ಲಿ ನಿಂತಿರೋನು ಮೋಸಗಾರ ಮಾತ್ರ.

ಹಾಗಾದರೆ ಆ ಹುಡುಗನಿಗೆ ಏನು ಹೇಳಬೇಕಿತ್ತು? ನಾಲ್ಕು ಸಾಲು ಸಾಕಿತ್ತು. "ಇದು ಟಿಪ್ಪು ಕಾಲದ ತಾಮ್ರದ ನಾಣ್ಯದ ಹಾಗೆ ಕಾಣುತ್ತೆ. ತೊಳೆದಿರೋದರಿಂದ ಬೆಲೆ ಕಮ್ಮಿಯಾಗಿದೆ, ಇನ್ಮುಂದೆ ಯಾವ ನಾಣ್ಯವನ್ನೂ ತೊಳೆಯಬೇಡ, ಅಂಚು ಹಿಡಿದು ಎತ್ತು. ಎರಡೂ ಬದಿ ಫೋಟೋ, ತೂಕ ಕಳಿಸು. ಲಕ್ಷ ಕೊಡ್ತೀವಿ ಅಂತ ಯಾರಾದರೂ ಫೋನ್ ಮಾಡಿದರೆ ಒಂದು ರೂಪಾಯಿನೂ ಹಾಕಬೇಡ." ತಪ್ಪನ್ನ ಮುಚ್ಚಿಡಲಿಲ್ಲ, ಬೆಲೆ ಹೋಗಿದೆ ಅಂತಲೂ ಹೇಳಿತು. ಕೊನೇ ಸಾಲು ಅವನ ಹದಿನೆಂಟು ಸಾವಿರ ಉಳಿಸ್ತಿತ್ತು.

ಇನ್ನೊಂದು ಮಾತು. ಹೊಸಬರ ಬಹಳಷ್ಟು ತಪ್ಪು ದಡ್ಡತನ ಅಲ್ಲವೇ ಅಲ್ಲ. ಇಸವಿ ಕೆಳಗೆ ನಕ್ಷತ್ರ ಇದೆ, ಅಪರೂಪದ್ದಾ ಅಂತ ಕೇಳ್ತಾರೆ. ಅದು ಹೈದರಾಬಾದ್ ಟಂಕಸಾಲೆಯ ಗುರುತು. ವಜ್ರಾಕಾರ ಇದ್ದರೆ ಮುಂಬೈ, ದುಂಡು ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಯಾವ ಶಾಲೆಯಲ್ಲಿ ಇದನ್ನ ಹೇಳಿಕೊಟ್ಟಿದ್ದಾರೆ? ಟಿಪ್ಪುವಿನ ನಾಣ್ಯಗಳನ್ನೇ ತಗೊಳ್ಳಿ. ಸುಮಾರು 1787ರಿಂದ ಅವನು ಮೌಲೂದಿ ಅನ್ನೋ ಹೊಸ ಶಕೆ ತಂದ, ಅಂಕಿಗಳನ್ನ ಬಲದಿಂದ ಎಡಕ್ಕೆ ಬರೆಸಿದ. 1215 ಅಂತ ಇರೋದನ್ನ ನಾವು ನೀವು ಓದಿದರೆ 5121. ಮೇಲೆ ಚಿತ್ರದುರ್ಗದ ಟಂಕಸಾಲೆಗೆ ಫರೂಖ್‌ಯಾಬ್ ಹಿಸಾರ್ ಅಂತ ಹೆಸರು. ಪೈಸೆಗೆ ಜೊಹ್ರಾ ಅಂತ, ಅಂದರೆ ಶುಕ್ರಗ್ರಹ. ನನಗಂತೂ ಮೊದಲ ದಿನ ತಲೆ ಗಿರ್ ಅಂದಿತ್ತು. ಇವತ್ತು ನಗ್ತಿರೋ ಹಿರಿಯರಿಗೂ ಇದನ್ನ ಯಾರೋ ಒಬ್ಬರು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಿರ್ತಾರೆ.

ತೊಳೆಯೋ ತಪ್ಪು ಒಂದು ಸಲ ಆದರೆ ಆಯ್ತು, ತಿದ್ದೋಕೆ ಬರಲ್ಲ. ಹಾಗಾಗಿ ಅದನ್ನ ಆದ ಮೇಲೆ ಬೈಯೋದರಲ್ಲಿ ಅರ್ಥ ಇಲ್ಲ, ಆಗೋಕೆ ಮುಂಚೆ ಹೇಳಬೇಕು. ಗುಂಪಿಗೆ ಸೇರಿದ ನಿಮಿಷದಲ್ಲೇ ಕನ್ನಡದಲ್ಲಿ ಮೂರು ಸಾಲು ಹೋಗಲಿ: ತೊಳೆಯಬೇಡಿ, ತೂಕ ಹಾಕಿ, ಮುಂಗಡ ಕೊಡಬೇಡಿ. ಕೆಲವು ಕಡೆ ನಿಯಮಗಳ ಪಟ್ಟಿ ಇರುತ್ತೆ, ಆದರೆ ಇಂಗ್ಲಿಷಿನಲ್ಲಿ, ಎರಡು ಪುಟ. ಅಡ್ಮಿನ್ ಆದರೂ ಪೂರ್ತಿ ಓದಿದ್ದಾರಾ ಅಂತ ನನಗೆ ಅನುಮಾನ.

ಇದಕ್ಕಿಂತ ದೊಡ್ಡ ತಪ್ಪುಗಳೂ ಬರ್ತವೆ. ಹೊಲ ಉಳುವಾಗ ಮಡಕೆಯಲ್ಲಿ ಚಿನ್ನದ ಸಣ್ಣ ನಾಣ್ಯಗಳು ಸಿಕ್ಕಿವೆ ಅಂತ ಒಬ್ಬ ರೈತ ಫೋಟೋ ಹಾಕ್ತಾನೆ ಅಂದುಕೊಳ್ಳಿ. ನೆಲದಡಿ ಸಿಕ್ಕ ನಿಧಿಯನ್ನ ಸರ್ಕಾರಕ್ಕೆ ತಿಳಿಸಬೇಕು, ನಮ್ಮಲ್ಲಿ 1878ರಿಂದಲೂ ಅದಕ್ಕೆ ಕಾನೂನಿದೆ. ಅದೇ ಕಾಯ್ದೆಯಲ್ಲಿ ಸಿಕ್ಕವರಿಗೂ ಪಾಲಿನ ಮಾತಿದೆ. ಇದು ಗೊತ್ತಿರೋ ಹಿರಿಯರು ಗುಂಪಿನಲ್ಲಿ "ಜೈಲಿಗೆ ಹೋಗ್ತೀಯ" ಅಂತ ಕೂಗಿದರೆ ಆ ರೈತ ಏನು ಮಾಡ್ತಾನೆ? ಫೋಟೋ ಅಳಿಸಿ, ರಾತ್ರೋರಾತ್ರಿ ಯಾರಾದರೂ ಅಕ್ಕಸಾಲಿಗನ ಹತ್ತಿರ ಕರಗಿಸಿಬಿಡ್ತಾನೆ. ವಿಜಯನಗರದ ವರಾಹವೇ ಆಗಿದ್ದರೂ ಬೆಳಗಾಗೋದರೊಳಗೆ ಗಟ್ಟಿ ಬಂಗಾರ. ಅವನಿಗೆ ಬೇರೆಯಾಗಿ ಫೋನ್ ಮಾಡಿ, ತಹಶೀಲ್ದಾರ್ ಕಚೇರಿಗೆ ಹೀಗೆ ಅರ್ಜಿ ಕೊಡಿ ಅಂತ ಹೇಳೋ ಒಬ್ಬ ಮನುಷ್ಯ ಬೇಕು.

ಹಾಗಂತ ಎಲ್ಲರನ್ನೂ ತಲೆ ಸವರಿ ಕೂರಿಸಿ ಅಂತ ನಾನು ಹೇಳ್ತಿಲ್ಲ. 1818 ಅಂತ ಇಸವಿ ಹಾಕಿ, ಈಸ್ಟ್ ಇಂಡಿಯಾ ಕಂಪನಿ ಹೆಸರಿನಲ್ಲಿ ರಾಮ, ಹನುಮಂತರ ಚಿತ್ರ ಇರೋ "ಒಂದಾಣೆ" ನಾಣ್ಯ ನೀವೂ ನೋಡಿರ್ತೀರಿ. ಕಂಪನಿ ಅಂಥ ನಾಣ್ಯ ಹೊರಡಿಸೇ ಇಲ್ಲ, ಅವು ಆಮೇಲೆ ಯಾರೋ ಮಾಡಿಟ್ಟ ಬಿಲ್ಲೆಗಳು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು ಅಂತ ಒಬ್ಬ ಭಕ್ತಿಯಿಂದ ತಂದು ತೋರಿಸಿದರೆ ಅವನು ಹೊಸಬ. ಅಸಲಿ ಅಲ್ಲ ಅಂತ ಹೇಳಿದ ಮೇಲೂ ಅದನ್ನೇ ಇನ್ನೊಬ್ಬರಿಗೆ ಮಾರೋಕೆ ಹೊರಟರೆ ಅವನು ಹೊಸಬ ಅಲ್ಲ. ಅವನನ್ನ ತೆಗೆಯಿರಿ, ಯಾಕೆ ತೆಗೆದಿರಿ ಅಂತ ಎಲ್ಲರಿಗೂ ಹೇಳಿ ತೆಗೆಯಿರಿ. ಹುಣಸೆಹಣ್ಣಿನವನಿಗೂ ಇವನಿಗೂ ಒಂದೇ ಶಿಕ್ಷೆ ಆದರೆ ಅದು ನ್ಯಾಯ ಹೇಗಾಗುತ್ತೆ?

ಹುಡುಗನಿಗೆ ಮೊದಲು 1930ಕ್ಕೆ ಫೋನ್ ಮಾಡಿ ದೂರು ಕೊಡು ಅಂದೆ. ದುಡ್ಡು ಕಳಕೊಂಡ ಮೇಲೆ ಗಂಟೆ ಗಂಟೆಯೂ ಲೆಕ್ಕಕ್ಕೆ ಬರುತ್ತೆ, ಇವನು ನಾಚಿಕೆಯಲ್ಲಿ ಆರು ದಿನ ಕಳೆದಿದ್ದ. "ಯಾರಿಗೆ ಹೇಳಲಿ ಸರ್, ಮತ್ತೆ ನಗ್ತಾರೆ" ಅಂದ. ಕೊನೆಗೆ ಫೋನ್ ಇಡೋ ಹೊತ್ತಿಗೆ ಮೆಲ್ಲಗೆ ಕೇಳಿದ, "ಆ ನಾಣ್ಯ ಬಿಸಾಕಲಾ?" ಬೇಡ ಅಂದೆ, ಎರಡೂ ಬದಿ ಫೋಟೋ ಕಳಿಸು ಅಂದೆ. ನನಗೆ ಗೊತ್ತಿರೋ ಒಬ್ಬ ಹಿರಿಯ ಸಂಗ್ರಾಹಕರಿಗೆ ಕಳಿಸಿದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು: ಆನೆಯ ಸೊಂಡಿಲು ಸವೆದಿದೆ, ಆದರೆ ಹಿಂದುಗಡೆ "ಪಟನ್" ಅನ್ನೋದು ಓದೋಕಾಗುತ್ತೆ, ಶ್ರೀರಂಗಪಟ್ಟಣದ್ದು, ತೂಕ ಕಳಿಸೋಕೆ ಹೇಳಿ. ಮಾರನೇ ದಿನ ಹುಡುಗ ಅವನೂರಿನ ಬಂಗಾರದ ಅಂಗಡಿಯಲ್ಲಿ ತೂಕ ಹಾಕಿಸಿ, ತಕ್ಕಡಿ ಸಮೇತ ಫೋಟೋ ಕಳಿಸಿದ. ನಾಣ್ಯವನ್ನ ಅಂಚಿನಲ್ಲಿ ಹಿಡಿದಿದ್ದ.